ಖಾಲಿ ಚೌಕ ಮಾರುವ ನಮ್ಮ ಭಾವ

ನಮ್ಮ ಭಾವ ಖಾಲಿ ಚೌಕಗಳನ್ನು ಮಾರುತ್ತಿದ್ದರು. ನೀವು ಸರಿಯಾಗಿಯೇ ಓದಿದ್ದೀರಿ, ಕನ್ನಡಕ ಒರೆಸಿಕೊಳ್ಳುವುದು ಬೇಡ. ಚೌಕ, ಅದೂ ಖಾಲಿ! ಕೊಂಡವರು ಅದನ್ನು ತಾವೇ ತುಂಬಿಕೊಳ್ಳಬೇಕು. ಚಳ್ಳಕೆರೆಯಲ್ಲಿ ಜನ ಶೇಂಗಾ ಎಣ್ಣೆ ಮಾರುತ್ತಾರೆ, ಕಂಬಳಿ ಮಾರುತ್ತಾರೆ, ಕುರಿ ಮಾರುತ್ತಾರೆ. ಮೂಸಿ ನೋಡಬಹುದಾದದ್ದನ್ನು, ಹೊದ್ದು ನೋಡಬಹುದಾದದ್ದನ್ನು, ಬಾಯಿ ತೆಗೆಸಿ ಹಲ್ಲು ನೋಡಬಹುದಾದದ್ದನ್ನು ಮಾರುತ್ತಾರೆ. ಇವರೊಬ್ಬರು ಮಾತ್ರ ಕಂಪ್ಯೂಟರಿನೊಳಗೆ ಅಡ್ಡ ಗೆರೆ ಉದ್ದ ಗೆರೆ ಎಳೆದು, ನಡುವೆ ಉಳಿದ ಜಾಗವನ್ನು ಅಮೇರಿಕದವರಿಗೆ ಮಾರಿದರು!

ಅವರ ಹೆಸರು ನಾನು ಹೇಳುವುದಿಲ್ಲ. ಅಕ್ಕ ಆಣೆ ಹಾಕಿಸಿಕೊಂಡಿದ್ದಾಳೆ. "ಬರಿ, ಬ್ಯಾಡ ಅನ್ನಲ್ಲ. ಆದ್ರೆ ಹೆಸ್ರು ಹಾಕಿದ್ರೆ ನಮ್ಮನೆ ಹೊಸ್ಲು ತುಳೀಬ್ಯಾಡ" ಅಂದಿದ್ದಾಳೆ. ಹೆಸರು ಹಾಕದಿದ್ದರೇನು ಬಂತು? ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬೇಸಿಗೆಯಲ್ಲೂ ಕೋಟು ಹಾಕುವ ಮನುಷ್ಯನ ಮನೆ ಎಲ್ಲಿ ಅಂತ ಕೇಳಿ. ಕೇಳಿದವರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, ನಗುತ್ತಲೇ ದಾರಿ ತೋರಿಸುತ್ತಾರೆ. ಆ ನಗು ಇದೆಯಲ್ಲ, ಅದರ ಜೊತೆಯಲ್ಲೇ ನನ್ನ ಪ್ರಾಯವೆಲ್ಲ ಕಳೆಯಿತು.

ಭಾವ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಎಣ್ಣೆ ಮಿಲ್ಲಿನ ಮನೆತನದಲ್ಲಿ ಹುಟ್ಟಿ, ಗಾಣದ ಸದ್ದಿಗಿಂತ ಟೈಪ್‌ರೈಟರ್ ಸದ್ದೇ ಹಿತ ಅಂತ ಹೊರಬಂದವರು. ಚಳ್ಳಕೆರೆಯ ಅರ್ಧ ಗುಮಾಸ್ತರು ಅವರ ಬೆಂಚಿನ ಮೇಲೆ ಕೂತು 'ಎ ಎಸ್ ಡಿ ಎಫ್' ಕುಟ್ಟಿದವರೇ. ನಮ್ಮ ಅಕ್ಕನೂ ಅಲ್ಲಿ ಜೂನಿಯರ್ ಕಲಿಯಲು ಹೋದವಳು. ಪರೀಕ್ಷೆಯಲ್ಲಿ ಫೇಲಾದಳು, ಮದುವೆಯಲ್ಲಿ ಪಾಸಾದಳು. "ಅದೂ ಫೇಲೇ" ಅನ್ನುವುದು ಅಕ್ಕನ ತಿದ್ದುಪಡಿ.

ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಟೈಪಿಂಗಿಗೆ ಹುಡುಗರು ಬರುವುದು ನಿಂತಿತು. ಭಾವ ಹೆದರಲಿಲ್ಲ. ಟೈಪ್‌ರೈಟರುಗಳನ್ನು ಅಟ್ಟಕ್ಕೆ ಏರಿಸಿ ಕಂಪ್ಯೂಟರ್ ತಂದರು. ಬಾಗಿಲಲ್ಲಿ 'ಪಾದರಕ್ಷೆ ಹೊರಗೆ ಬಿಡಿ' ಎಂದು ಬೋರ್ಡು ಹಾಕಿದರು. ಒಳಗೆ ದೇವರ ಪಟದ ಪಕ್ಕದಲ್ಲಿ ಕಂಪ್ಯೂಟರು, ಅದಕ್ಕೆ ಅಕ್ಕ ಹೊಲಿದ ಹೂವಿನ ಕಸೂತಿಯ ಮುಸುಕು. ಪೂಜೆ ಯಾವುದಕ್ಕೆ ಮಾಡಬೇಕೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಇಂಟರ್‌ನೆಟ್ ಬಂತು ನೋಡಿ! ಟೆಲಿಫೋನ್ ತಂತಿಯಲ್ಲಿ ಕೀರಲು ದನಿಯಲ್ಲಿ ಕೂಗಿಕೊಂಡು ಬಂತು. ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಆ ಬಂದಷ್ಟು ಹೊತ್ತಿನಲ್ಲೇ ಭಾವ ಪ್ರಪಂಚವನ್ನೆಲ್ಲ ಸುತ್ತಿದರು. ಸುತ್ತಿ ಒಂದು ಸತ್ಯ ಕಂಡುಕೊಂಡು ಬಂದರು: ಅಮೇರಿಕದ ಜನಕ್ಕೆ ದಿನ ಕಳೆಯುವುದು ಹೇಗೆ ಅಂತಲೇ ಗೊತ್ತಿಲ್ಲ!

"ಯಾವಾಗ ಏಳ್ಬೇಕು, ಯಾವಾಗ ಉಣ್ಬೇಕು, ಯಾರ್ಗೆ ಫೋನ್ ಮಾಡ್ಬೇಕು, ಎಲ್ಲಾದ್ಕೂ ಅವ್ರಿಗೆ ಒಂದು ಶೀಟ್ ಬೇಕಮ್ಮ. ದುಡ್ಡು ಕೊಟ್ಟು ತಗಂತಾರೆ. ಅದ್ಕೆ ಟೆಂಪ್ಲೇಟ್ ಅಂತಾರೆ."

ಅಪ್ಪ ಹೋದ ಮೇಲೆ ಅವ್ವನೂ ನಾನೂ ಭಾವನ ಮನೆಯಲ್ಲೇ ಇದ್ದೆವು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಿದಳು. "ಟೆಂಪಲ್ ಪ್ಲೇಟಾ? ಗುಡಿ ತಟ್ಟೇನಾ? ಅಮೇರಿಕದೋರೂ ಆರತಿ ಎತ್ತುತಾರಾ?"

ಅವ್ವ ಬದುಕಿದ್ದಷ್ಟು ದಿನವೂ ನಮ್ಮ ಅಳಿಯ ಆರತಿ ತಟ್ಟೆ ವ್ಯಾಪಾರ ಮಾಡುತ್ತಾರೆ ಅಂತಲೇ ನೆಂಟರಿಗೆ ಹೇಳಿದಳು. ನಾನು ತಿದ್ದಲಿಲ್ಲ. ಆರತಿ ತಟ್ಟೆ ಎಷ್ಟೋ ಮರ್ಯಾದಸ್ಥ ವ್ಯಾಪಾರ.

ಮಾರುವ ಮುಂಚೆ ಮನೆಯಲ್ಲಿ ಪರೀಕ್ಷೆ ಆಗಬೇಕಲ್ಲ! ಅಡುಗೆಮನೆ ಗೋಡೆಯ ಮೇಲೆ ಒಂದು ಶೀಟ್ ಬಂತು. ಕೆಲಸ ಹೊತ್ತಿಗೆ ಸರಿಯಾಗಿ ಆದರೆ ಚೌಕಕ್ಕೆ ಹಸಿರು, ತಪ್ಪಿದರೆ ಕೆಂಪು. ಹಾಲು ಕಾಯಿಸುವುದಕ್ಕೊಂದು ಚೌಕ, ಮುದ್ದೆ ತಿರುವುವುದಕ್ಕೊಂದು ಚೌಕ. ಭಾವ ಬಣ್ಣದ ಪೆನ್ನು ಹಿಡಿದು ಒಲೆಯ ಪಕ್ಕ ನಿಂತರು. ಅಕ್ಕ ಒಂದು ವಾರ ಸಹಿಸಿದಳು. ಆಮೇಲೆ 'ಗಂಡನ ಜೊತೆ ಸಮಾಧಾನವಾಗಿ ಮಾತಾಡುವುದು' ಅನ್ನುವ ಚೌಕಕ್ಕೆ ತಾನೇ ಕೆಂಪು ಬಳಿದು, ಪೆನ್ನನ್ನು ಕಿಟಕಿಯಿಂದ ಹೊರಗೆ ಎಸೆದಳು. ಭಾವನಿಗೆ ಸಂತೋಷವೋ ಸಂತೋಷ! "ನೋಡಿದ್ಯಾ, ನಿಮ್ಮಕ್ಕನೂ ಯೂಸ್ ಮಾಡಕ್ ಕಲ್ತಳು!"

ಇಂಟರ್‌ನೆಟ್ಟಿನಲ್ಲಿ ಯಾರೋ ಕೊಟ್ಟ ಪುಕ್ಕಟೆ ಜಾಗದಲ್ಲಿ ಒಂದು ವೆಬ್‌ಸೈಟ್ ಎದ್ದಿತು. ಕರೀ ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ, ಎಡಕ್ಕೂ ಬಲಕ್ಕೂ ಉರಿಯುವ ಎರಡು ದೀಪ, ಮೇಲೆ ಕೋಟು ಹಾಕಿದ ಭಾವ. ಆ ಕೋಟು ಅವರ ಮದುವೆಯದು. ಫೋಟೋದಲ್ಲಿ ಕತ್ತಿನ ಹತ್ತಿರ ಹಾರದ ಒಂದು ಎಳೆ ಇನ್ನೂ ಕಾಣುತ್ತಿತ್ತು. ಕೊಳ್ಳುವವರು ದುಡ್ಡು ಕಟ್ಟಿದರೆ ಅಮೇರಿಕದ ಒಂದು ಕಂಪನಿ ಭಾವನಿಗೆ ಚೆಕ್ ಕಳಿಸುತ್ತಿತ್ತು, ಭಾವ ಕೊಂಡವರಿಗೆ ಶೀಟನ್ನು ಈ-ಮೇಲಿನಲ್ಲಿ ಕಳಿಸುತ್ತಿದ್ದರು. ಇಷ್ಟೇ ವ್ಯಾಪಾರ.

ಮೊದಲ ಚೆಕ್ ಬಂದಾಗ ಬ್ಯಾಂಕ್ ಮ್ಯಾನೇಜರು ಅದನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದರಂತೆ.

"ಏನ್ ಮಾರಿದ್ರಿ?"

"ಚೌಕ ಸಾರ್."

"ಏನಿರ್ತಾವೆ ಒಳಗೆ?"

"ಏನೂ ಇರಲ್ಲ ಸಾರ್."

"ಮತ್ತೆ ಏನಕ್ ತಗಂತಾರೆ?"

"ಏನೂ ಇಲ್ಲ ಅಂತಾನೇ ಸಾರ್! ಇದ್ದಿದ್ರೆ ಅವ್ರು ಏನ್ ತುಂಬ್ಬೇಕು?"

ಮ್ಯಾನೇಜರು ಸಹಿ ಹಾಕಿದರಂತೆ. ವೇದಾಂತದ ಎದುರು ಬ್ಯಾಂಕು ಏನು ಮಾಡೀತು?

ಅದಾದ ಮೇಲೆ ಓಹಾಯೊ ಎಂಬ ಕಡೆಯಿಂದ ಒಬ್ಬ ಹೆಂಗಸು ದೂರು ಬರೆದಳು. ಶೀಟ್ ಚೆನ್ನಾಗಿದೆ, ಆದರೆ ಪ್ರತಿದಿನವೂ ಒಂದೂವರೆ ಗಂಟೆ ಕಪ್ಪಾಗಿ ಮುಚ್ಚಿಹೋಗಿದೆ, ಅದರಲ್ಲಿ ಏನೂ ಬರೆಯಲು ಆಗುತ್ತಿಲ್ಲ, ಸರಿಮಾಡಿಕೊಡಿ ಅಂತ. ಭಾವ ನಕ್ಕರು. ಅದು ಕೆಟ್ಟದ್ದಲ್ಲ, ರಾಹುಕಾಲ! ನಮ್ಮ ಮನೆತನದಲ್ಲಿ ರಾಹುಕಾಲದಲ್ಲಿ ಯಾರು ಕೆಲಸ ಶುರುಮಾಡುತ್ತಾರೆ? ಹಾಗಾಗಿ ಚೌಕಕ್ಕೇ ಬೀಗ ಹಾಕಿದ್ದರು. ಉದ್ದನೆಯ ಉತ್ತರ ಬರೆದರು. ಆಯಮ್ಮ ಏನು ಮಾಡಬೇಕಿತ್ತು? ದುಡ್ಡು ವಾಪಸ್ ಕೇಳಬೇಕಿತ್ತು. ಆದರೆ ಅವಳು ಮರುದಿನವೇ ಬರೆದಳು: ಈ ಕಪ್ಪು ಗಂಟೆಯಲ್ಲಿ ಕೆಲಸ ನಿಲ್ಲಿಸಿ ಸುಮ್ಮನೆ ಕೂತಿದ್ದೆ, ಇಷ್ಟು ವರ್ಷದಲ್ಲಿ ಮೊದಲ ಸಲ ಮನಸ್ಸು ಹಗುರವಾಯಿತು, ಆದರೆ ನೀವು ಕೊಟ್ಟಿರುವುದು ನಿಮ್ಮೂರಿನ ರಾಹುಕಾಲವೋ ನಮ್ಮೂರಿನದೋ?

ಭಾವ ಹೌಹಾರಿದರು. ಚಳ್ಳಕೆರೆಯ ರಾಹುವನ್ನು ಓಹಾಯೊಗೆ ಕಳಿಸಿದ್ದರು! ಅಲ್ಲಿ ಸೂರ್ಯ ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ ಅಂತ ಹುಡುಕಿ, ಹಗಲನ್ನು ಎಂಟು ಭಾಗ ಮಾಡಿ, ಆ ಊರಿಗೇ ಬೇರೆ ರಾಹುಕಾಲ ಕಟ್ಟಿಸಿಕೊಟ್ಟರು. ಆಮೇಲೆ ಆಯಮ್ಮನ ಅಕ್ಕತಂಗಿಯರು, ಅವರ ಗೆಳತಿಯರು, ಹೀಗೆ ಓಹಾಯೊದ ಒಂದು ಬೀದಿಯೇ ರಾಹುಕಾಲದಲ್ಲಿ ಕೈಕಟ್ಟಿ ಕೂರತೊಡಗಿತು. ವೆಬ್‌ಸೈಟಿನ ತಲೆಯ ಮೇಲೆ 'ಅಸಲಿ ಭಾರತೀಯ ರಾಹುಕಾಲ ಸಮೇತ' ಅಂತ ಇಂಗ್ಲಿಷಿನಲ್ಲಿ ಮಿನುಗುವ ಅಕ್ಷರ ಬಂತು.

ಇಷ್ಟಕ್ಕೇ ನಿಂತಿದ್ದರೆ ನಾನು ತಲೆ ಎತ್ತಿಕೊಂಡೇ ಓಡಾಡುತ್ತಿದ್ದೆ. ದೂರದವರು ನಕ್ಕರೆ ನಮಗೇನು? ಆದರೆ ಭಾವನಿಗೆ ಪ್ರಚಾರದ ಹುಚ್ಚು ಹಿಡಿಯಿತು. ಕೊಂಡ್ಲಹಳ್ಳಿಯಲ್ಲಿ ಅವರ ದೊಡ್ಡಪ್ಪ ಒಬ್ಬರು ಶಿವಾಧೀನರಾದರು. ಶಿವಗಣಾರಾಧನೆಗೆ ನಾವೆಲ್ಲ ಹೋದೆವು. ಪಂಕ್ತಿಯಲ್ಲಿ ಜನ ಕೂತಿದ್ದಾರೆ, ಐನೋರು ಮಂತ್ರ ಮುಗಿಸಿದ್ದಾರೆ, ಹೆಂಗಸರು ಇನ್ನೂ ಮೂಗು ಒರೆಸುತ್ತಿದ್ದಾರೆ. ಅನ್ನ ಬಡಿಸುವವರ ಹಿಂದೆಯೇ ನಮ್ಮ ಭಾವ! ಎಲೆಯ ಪಕ್ಕ ಒಂದೊಂದು ಹಳದಿ ಕಾಗದ ಇಡುತ್ತಾ ಬರುತ್ತಿದ್ದಾರೆ. 'ಸಾವು ಹೇಳಿ ಬರುವುದಿಲ್ಲ. ಆದರೆ ನೀವು ತಯಾರಾಗಿರಬಹುದು. ಆರಾಧನೆ ಟೆಂಪ್ಲೇಟ್. ಯಾರಿಗೆ ಹೇಳಬೇಕು, ಎಷ್ಟು ಎಲೆ, ಯಾವ ಪಾಯಸ, ಎಲ್ಲಾ ಒಂದೇ ಶೀಟಿನಲ್ಲಿ!'

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಸಾಲಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಕಾಗದವನ್ನು ದೂರ ಹಿಡಿದು ಓದಿ, "ಅಲ್ಲಲೇ, ಇದನ್ನ ಸಾಯಕ್ಕೆ ಮುಂಚೆ ತುಂಬ್ಬೇಕೋ, ಸತ್ತ ಮ್ಯಾಲೋ?" ಅಂತ ಕೇಳಿದರು.

"ಮುಂಚೇನೇ ತುಂಬ್ಬೇಕು ಅಜ್ಜಾರೆ. ಸತ್ತ ಮ್ಯಾಲೆ ಮೌಸ್ ಹಿಡಿಯಕ್ಕಾಗಲ್ಲ."

"ಹಂಗಾದ್ರೆ ನಂದು ನೀನೇ ತುಂಬಿಡು. ಪಾಯಸಕ್ಕೆ ಬೆಲ್ಲ ಜಾಸ್ತಿ ಅಂತ ಬರಿ."

ಸತ್ತವರ ಮಗನೂ ನಕ್ಕುಬಿಟ್ಟ. ಎಲ್ಲರೂ ನಕ್ಕರು. ನಾನು, ಅಕ್ಕ ಇಬ್ಬರೇ ನಗಲಿಲ್ಲ. ಅಕ್ಕ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದಳು, ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. ನಗುವವರಿಗೆ ಆತ ತಮಾಷೆಯ ಮನುಷ್ಯ. ಆತನ ಹೆಸರು ಹಿಡಿದು ಕರೆಸಿಕೊಳ್ಳುವ ನಮಗೆ? ನಾಚಿಕೆ ಅನ್ನುವುದು ವಿಚಿತ್ರ ಪದಾರ್ಥ ಕಣ್ರಿ. ಪಡಬೇಕಾದವರು ಪಡದೆ ಬಿಟ್ಟರೆ ಅದು ಹಾಗೇ ಬಿದ್ದಿರುವುದಿಲ್ಲ, ಪಕ್ಕದಲ್ಲಿದ್ದವರ ಪಾಲಿಗೆ ಬರುತ್ತದೆ. ಭಾವನ ಪಾಲಿನದನ್ನೆಲ್ಲ ನಾನೇ ಪಟ್ಟೆ.

ಆಗ ನಾನು ಮೊಳಕಾಲ್ಮೂರಿನ ಒಂದು ಹೈಸ್ಕೂಲಿನಲ್ಲಿ ಟೀಚರು. ಮದುವೆಯಾಗಿರಲಿಲ್ಲ. ಚಳ್ಳಕೆರೆಯಿಂದ ಅಷ್ಟು ದೂರ ಬಂದದ್ದೇ ಈ ನಗುವಿನಿಂದ ತಪ್ಪಿಸಿಕೊಳ್ಳಲು ಅಂದರೂ ಸುಳ್ಳಲ್ಲ. ಬಾಡಿಗೆ ಮನೆಯ ಗೋಡೆಯಾಚೆ ಮಗ್ಗದ ಸದ್ದು, ಬೀದಿಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ನನ್ನ ಭಾವ ಯಾರೆಂದು ಯಾರಿಗೂ ತಿಳಿಯದು. ಸ್ವರ್ಗ!

ಒಂದು ದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಎಲ್ಲರೂ ಗಪ್‌ಚಿಪ್. ರಾಯದುರ್ಗದ ಕಡೆಯವರಾದ ನಮ್ಮ ಕಂಪ್ಯೂಟರ್ ಮೇಷ್ಟ್ರು ಎದ್ದು ಕೈಮುಗಿದು, "ಏಮಿ ಟೀಚರ್, ಟೆಕ್ಸಾಸ್ ನುಂಚಿ ಎಪ್ಪುಡು ವಚ್ಚಿನಾರು?" ಅಂದರು. ಟೆಕ್ಸಾಸಿನಿಂದ ಯಾವಾಗ ಬಂದಿರಿ ಅಂತ! ನನಗೆ ತಲೆಬುಡ ಅರ್ಥವಾಗಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋಗಿ ಪರದೆ ತೋರಿಸಿದರು.

ಭಾವನ ವೆಬ್‌ಸೈಟ್. 'ಗ್ರಾಹಕರ ಮಾತು' ಅಂತ ಹೊಸ ಪುಟ. ಅದರಲ್ಲಿ ನಾನು! ಗಂಡಿನ ಕಡೆಯವರಿಗೆ ಕಳಿಸಲು ಅಂತ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಮೊಳಕಾಲ್ಮೂರು ರೇಷ್ಮೆ ಸೀರೆ, ಎರಡು ಮೊಳ ಮಲ್ಲಿಗೆ, ಹಣೆಯಲ್ಲಿ ವಿಭೂತಿ, ಹಿಂದೆ ಸ್ಟುಡಿಯೋದವನ ತಾಜಮಹಲು. ಅದರ ಕೆಳಗೆ ಇಂಗ್ಲಿಷಿನಲ್ಲಿ: 'ಶ್ರೀಮತಿ ಜೆನ್ನಿಫರ್, ಗೃಹಿಣಿ, ಇಬ್ಬರು ಮಕ್ಕಳ ತಾಯಿ, ಟೆಕ್ಸಾಸ್. ಈ ಟೆಂಪ್ಲೇಟ್ ಕೊಳ್ಳುವ ಮುಂಚೆ ನನ್ನ ಸಂಸಾರ ಚಿಂದಿಯಾಗಿತ್ತು.'

"ನನ್ನ ಹಂಗೇ ಇರೋರು ಯಾರೋ" ಅಂದೆ. ಬೇರೆ ಏನು ಹೇಳಲಿ? ಮೇಷ್ಟ್ರು ಜೆನ್ನಿಫರಳ ವಿಭೂತಿಯನ್ನೂ ನನ್ನ ವಿಭೂತಿಯನ್ನೂ ನೋಡಿ, "ಔನೌನು" ಅಂದರು. ಹೌದ್ಹೌದು ಅಂತ. ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ ನಾನು ಟೆಕ್ಸಾಸ್ ಟೀಚರ್.

ಫೋನ್ ಮಾಡಿ ಕೂಗಾಡಿದೆ. ಭಾವ ಎಷ್ಟು ಸಮಾಧಾನವಾಗಿ ಉತ್ತರ ಕೊಟ್ಟರು ಗೊತ್ತೇ? "ಫೋಟೋ ಇಲ್ದಿದ್ರೆ ಅವ್ರು ನಂಬಲ್ಲ ತಾಯಿ. ನಿಮ್ಮಕ್ಕನ್ದು ಹಾಕನ ಅಂದ್ರೆ ಅವ್ಳು ಎಲ್ಲಾ ಫೋಟೋದಾಗೂ ಸಿಟ್ಟಾಗವ್ಳೆ. ನಿನ್ನ ಮುಖದಾಗೆ ಒಂದು ಕಳೆ ಐತೆ. ನಿನ್ನ ಹಾಕಿದ ಮ್ಯಾಲೆ ವ್ಯಾಪಾರ ಹೆಚ್ಚಾಯ್ತು!"

ಸಿಟ್ಟು ಬರಬೇಕೋ, ಹಿಗ್ಗಬೇಕೋ? ತೆಗೆದುಹಾಕುತ್ತೇನೆ ಅಂತ ಮಾತು ಕೊಟ್ಟರು. ನಾನೂ ಹುಚ್ಚಿ, ನಂಬಿದೆ.

ಸ್ವಲ್ಪ ದಿನಕ್ಕೆ ದಾವಣಗೆರೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಲೆಕ್ಚರರ್, ಒಳ್ಳೆಯ ಮನೆತನ. ನಮ್ಮ ಅಪ್ಪ ಇಲ್ಲದ್ದರಿಂದ ಹೆಣ್ಣು ತೋರಿಸುವ ಶಾಸ್ತ್ರ ಚಳ್ಳಕೆರೆಯಲ್ಲಿ ಭಾವನ ಮನೆಯಲ್ಲೇ. ಉಪ್ಪಿಟ್ಟಾಯಿತು, ಕೇಸರಿಬಾತಾಯಿತು. ಹುಡುಗನ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗನೂ ಒಂದೆರಡು ಸಲ ನೋಡಿದ. ನಾನೂ ನೋಡಿದೆ ಅನ್ನಿ. ಒಪ್ಪಿಗೆಯಾದಂತೆಯೇ ಇತ್ತು. ಆಗ ಆ ತಾಯಿ, ಮಾತಿಗೆ ಮಾತು ಬರಬೇಕಲ್ಲ ಅಂತ, "ತಾವು ಏನು ಮಾಡ್ಕೊಂಡಿದೀರಾ?" ಅಂತ ಭಾವನನ್ನು ಕೇಳಿಬಿಟ್ಟರು.

ಅಕ್ಕ ಅಡುಗೆಮನೆಯಿಂದಲೇ "ಅಯ್ಯೋ" ಅಂದದ್ದು ನನಗೆ ಕೇಳಿಸಿತು.

ಭಾವ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಸಾಲಾಗಿ ಕೂರಿಸಿದರು. ಮುಸುಕು ತೆಗೆದರು. ಕರೆಂಟು ಇತ್ತು! ಬೇಡದ ದಿನ ಅದು ಇದ್ದೇ ಇರುತ್ತದೆ. ದೀಪ ಉರಿಯಿತು, ಕೋಟು ಬಂತು, ರಾಹುಕಾಲ ಮಿನುಗಿತು. "ಇದು ಗ್ರಾಹಕರ ಮಾತು" ಅಂತ ಒತ್ತಿದರು. ಫೋಟೋ ಮೇಲಿನಿಂದ ಕೆಳಕ್ಕೆ ಮೆಲ್ಲಮೆಲ್ಲಗೆ ಬಿಚ್ಚಿಕೊಂಡಿತು. ಮೊದಲು ಮಲ್ಲಿಗೆ. ಆಮೇಲೆ ವಿಭೂತಿ. ಆಮೇಲೆ ನನ್ನ ಕಣ್ಣು. ಲೆಕ್ಚರರ್ ಹುಡುಗ ಇಂಗ್ಲಿಷನ್ನು ಗಟ್ಟಿಯಾಗಿ ಓದಿದ. ಹುಡುಗನ ತಾಯಿ ನನ್ನ ಕೈ ಬಿಟ್ಟರು.

"ಇಬ್ಬರು ಮಕ್ಕಳಾ?"

"ಅದು ಸುಮ್ನೆ ಪ್ರಚಾರಕ್ಕೆ ಅಮ್ಮ!" ಅಂದರು ಭಾವ. ಆ ಮಾತು ಪರಿಸ್ಥಿತಿಯನ್ನು ಯಾವ ಗತಿಗೆ ತಂದಿತೆಂದು ನೀವೇ ಊಹಿಸಿ. ಮನೆ ಹೆಣ್ಣುಮಗಳ ಫೋಟೋವನ್ನು ಪ್ರಪಂಚಕ್ಕೆಲ್ಲ ಹಂಚಿ, 'ಪ್ರಚಾರಕ್ಕೆ' ಅನ್ನುವ ಮನೆಗೆ ಯಾರು ಹೆಣ್ಣು ಕೇಳಲು ಬರುತ್ತಾರೆ? ಅವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಭಾವ ಗೇಟಿನ ತನಕ ಹೋಗಿ ಅವರ ಕೈಗೆ ಹಳದಿ ಕಾಗದ ಕೊಟ್ಟು ಬಂದರು. ಮದುವೆ ಟೆಂಪ್ಲೇಟ್!

ನಾನು ಅವತ್ತು ಅಳಲಿಲ್ಲ. ಚೀಲ ತಗೊಂಡು ಸಿಕ್ಕ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಆಮೇಲೆ ಹಬ್ಬಕ್ಕೂ ಚಳ್ಳಕೆರೆಗೆ ಹೋಗಲಿಲ್ಲ. ಭಾವ ಫೋನ್ ಮಾಡಿದರೆ ಪಕ್ಕದ ಮನೆಯವರ ಕೈಯಲ್ಲಿ 'ಇಲ್ಲ' ಅನ್ನಿಸಿದೆ. ಫೋಟೋ ಮಾತ್ರ ಅದೇ ದಿನ ವೆಬ್‌ಸೈಟಿನಿಂದ ಹೋಯಿತಂತೆ. ಜೆನ್ನಿಫರ್ ಇದ್ದ ಜಾಗ ಖಾಲಿ ಚೌಕವಾಗಿ ಉಳಿದಿದೆ ಅಂತ ಕಂಪ್ಯೂಟರ್ ಮೇಷ್ಟ್ರೇ ಬಂದು ಹೇಳಿದರು. ಆ ದಿನ ಅವರು ಏಕೋ ನಗಲಿಲ್ಲ.

ಒಂದು ಬೇಸಿಗೆಯಲ್ಲಿ ಅಕ್ಕನ ಫೋನ್ ಬಂತು. "ಅವ್ರ ಅಂಗಡಿ ಹೋಯ್ತು ಕಣೆ" ಅಂದಳು. ಪುಕ್ಕಟೆ ಜಾಗ ಕೊಟ್ಟಿದ್ದವರು ಬಾಗಿಲು ಹಾಕಿದ್ದರು. ಬೆಳಿಗ್ಗೆ ಎದ್ದು ತೆರೆದರೆ ದೀಪವೂ ಇಲ್ಲ, ಕೋಟೂ ಇಲ್ಲ, ಬಿಳೀ ಪರದೆ. ಚೆಕ್ ಕಳಿಸುತ್ತಿದ್ದ ಕಂಪನಿಯೂ ಉತ್ತರ ಕೊಡುವುದನ್ನು ನಿಲ್ಲಿಸಿತು. ಇವರು ಊರೂರಿಗೆಲ್ಲ ಕಳಿಸಿದ ಪ್ರಚಾರದ ಪತ್ರಗಳ ಕಾಟ ತಡೆಯಲಾರದೆ ಈ-ಮೇಲಿನವರೂ ಇವರ ಖಾತೆಗೆ ಬೀಗ ಜಡಿದಿದ್ದರು. ಓಹಾಯೊದ ಆಯಮ್ಮನ ವಿಳಾಸ ಅದರೊಳಗೇ ಉಳಿಯಿತು.

"ಏನಾದ್ರೂ ಅಂತಾರಾ?" ಅಂತ ಕೇಳಿದೆ.

"ಏನೂ ಅನ್ನಲ್ಲ. ಅದ್ಕೇ ನಂಗೆ ಹೆದ್ರಿಕೆ" ಅಂದಳು ಅಕ್ಕ. "ಗ್ವಾಡೆ ಮ್ಯಾಲೆ ಒಂದು ಶೀಟ್ ಅಂಟ್ಸಿ ಅಂದೆ. ಬ್ಯಾಡ ಬಿಡೇ ಅಂದ್ರು."

ಫೋನ್ ಇಟ್ಟ ಮೇಲೆ ಚಳ್ಳಕೆರೆ ಬಸ್ಸಿನ ಹೊತ್ತು ವಿಚಾರಿಸಿದೆ. ಆದರೂ ಹೋಗಲಿಲ್ಲ.

ಶಾಲೆ ತೆರೆದ ಮೇಲೆ ಮೊಳಕಾಲ್ಮೂರಿನಲ್ಲಿ ನಮಗೊಂದು ತರಬೇತಿ ನಡೆಯಿತು. ತಾಲ್ಲೂಕಿನ ಎಲ್ಲಾ ಕಡೆಯಿಂದ ಟೀಚರುಗಳು ಬಂದು ಒಂದು ದೊಡ್ಡ ಹಾಲಿನಲ್ಲಿ ತುಂಬಿದ್ದರು. ಮಧ್ಯಾಹ್ನದ ಊಟ ಮುಗಿದು ಎಲ್ಲರ ಕಣ್ಣೂ ಎಳೆಯುವ ಹೊತ್ತು. ವೇದಿಕೆಯ ಮೇಲೆ ಶಿಕ್ಷಣ ಇಲಾಖೆಯ ಸಾಹೇಬರು ಕಾಗದ ನೋಡುತ್ತಾ ಕೂತಿದ್ದರು. ಬಾಗಿಲಲ್ಲಿ ಒಂದು ಕೋಟು ಕಾಣಿಸಿತು.

ಕೋಟು ದೊಡ್ಡದಾಗಿತ್ತು. ಅಥವಾ ಅದರೊಳಗಿನ ಮನುಷ್ಯ ಸಣ್ಣಗಾಗಿದ್ದರು. ಹೆಗಲಿಗೊಂದು ಬಟ್ಟೆ ಚೀಲ, ಅದರ ತುಂಬ ಶೀಟುಗಳನ್ನು ಹಾಕಿದ ಸಿ.ಡಿ. ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿರಬೇಕು, ಮುಖವೆಲ್ಲ ಬೆವರು. ಯಾರನ್ನೂ ಕೇಳದೆ ಸೀದಾ ವೇದಿಕೆ ಹತ್ತಿ ಕೈಮುಗಿದರು. "ಗುರುಗಳೇ, ಪಾಠ ಮಾಡೋದು ನಿಮ್ಗೆ ಕಷ್ಟ ಅಲ್ಲ, ಪಾಠದ ಲೆಕ್ಕ ಬರಿಯೋದು ಕಷ್ಟ. ಅದ್ಕೆ ಟೀಚರ್ ಟೆಂಪ್ಲೇಟ್..."

ಹಿಂದಿನ ಸಾಲಿನಿಂದ ಒಂದು ನಗು ಎದ್ದಿತು. ಅದು ಮುಂದಕ್ಕೆ ಹರಿದು ಬಂತು. "ಕೋಟ್ ನೋಡ್ರಿ, ಯಾರ ಮದ್ವೆದೋ!" ಅಂದರು ಯಾರೋ. ನಾನು ತಲೆ ತಗ್ಗಿಸಿದೆ. ಪೆನ್ನು ಬಿದ್ದಿತೆಂದು ಬಗ್ಗಿ ಬೆಂಚಿನ ಕೆಳಗೆ ಹುಡುಕತೊಡಗಿದೆ. ಪೆನ್ನು ಕೈಯಲ್ಲೇ ಇತ್ತು.

ಸಾಹೇಬರಿಗೆ ಸಿಟ್ಟು ಬಂತು. "ಯಾರ್ರೀ ನೀವು? ಯಾರು ಬಿಟ್ರು ಒಳಗೆ? ಇಲ್ಲಿ ನಿಮ್ಗೆ ಗೊತ್ತಿರೋರು ಯಾರಾದ್ರೂ ಇದಾರಾ?"

ಈಗ ಹೇಳುತ್ತಾರೆ! ಈ ಮನುಷ್ಯ ಬಸ್ ಕಂಡಕ್ಟರಿನ ಜೊತೆಗೂ ಎರಡು ಸ್ಟಾಪಿನೊಳಗೆ ನೆಂಟಸ್ತನ ತೆಗೆಯುವವರು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಕಾಯುವವನನ್ನೂ 'ನಮ್ಮೋನು' ಅಂತ ಹೆಗಲ ಮೇಲೆ ಕೈ ಹಾಕುವವರು. ಸ್ವಂತ ನಾದಿನಿಯನ್ನು ಬಿಟ್ಟಾರೆಯೇ? ತಲೆ ಎತ್ತಿದೆ. ಭಾವ ನನ್ನನ್ನೇ ನೋಡುತ್ತಿದ್ದರು. ನಾನು ಬಗ್ಗಿದ್ದನ್ನೂ ನೋಡಿರಬೇಕು. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಆ ಕಣ್ಣು ನನ್ನನ್ನು ದಾಟಿ, ಗೋಡೆಯನ್ನು ನೋಡುವ ಹಾಗೆ ಮುಂದಕ್ಕೆ ಸರಿಯಿತು.

"ಇಲ್ಲ ಸಾರ್" ಅಂದರು. "ಇಲ್ಲಿ ನನಗೆ ಯಾರೂ ಗೊತ್ತಿಲ್ಲ."

ಅಯ್ಯೋ, ನನ್ನ ಭಾವ! ನಾಚಿಕೆಯೇ ಇಲ್ಲದ ಮನುಷ್ಯ ಅಂತ ತಿಳಿದಿದ್ದೆನಲ್ಲ. ನನ್ನ ನಾಚಿಕೆ ಅವರಿಗೆ ಎಂದಿನಿಂದ ಗೊತ್ತಿತ್ತೋ! ಎಷ್ಟು ದಿನದಿಂದ ಅದನ್ನು ಹೊತ್ತು ಓಡಾಡುತ್ತಿದ್ದರೋ! ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ಅವರು ಮೆಟ್ಟಿಲು ಇಳಿಯತೊಡಗಿದರು. ನಗು ಇನ್ನೂ ನಿಂತಿರಲಿಲ್ಲ.

ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು. "ಸಾರ್" ಅಂದೆ. ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಅಂದೆ. "ಸಾರ್, ಅವರು ನಮ್ಮ ಭಾವ. ನಮ್ಮ ಅಕ್ಕನ ಯಜಮಾನರು. ಅವರ ಮನೆಯಲ್ಲೇ ಇದ್ದು ನಾನು ಓದಿದ್ದು."

ನಕ್ಕವರೆಲ್ಲ ನನ್ನ ಕಡೆ ತಿರುಗಿದರು. ಸಾಹೇಬರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಏನನ್ನಿಸಿತೋ, "ಸರಿ ಟೀಚರ್. ಐದು ನಿಮಿಷ ಮಾತಾಡ್ಲಿ ಬಿಡಿ" ಅಂದರು.

ಭಾವ ಮತ್ತೆ ವೇದಿಕೆ ಹತ್ತಿದರು. ಮೈಕು ಕೈಗೆ ಬಂತು. ಆರಾಧನೆಯ ಪಂಕ್ತಿಯಲ್ಲೂ ಬಾಯಿ ಮುಚ್ಚದಿದ್ದ ಆ ಮನುಷ್ಯ ಸುಮ್ಮನೆ ನಿಂತುಬಿಟ್ಟರು. ಚೀಲಕ್ಕೆ ಕೈ ಹಾಕಿದರು, ಬರಿಗೈ ಹೊರಗೆ ತೆಗೆದರು. ಕೊನೆಗೆ ನನ್ನ ಕಡೆ ಕೈ ತೋರಿಸಿ ಅಂದರು:

"ಇವ್ಳು ನಮ್ಮನೆ ಹುಡ್ಗಿ ಸಾರ್. ಬಾಳ ಚೆನ್ನಾಗಿ ಪಾಠ ಮಾಡ್ತಾಳೆ."

ಅಷ್ಟೇ. ಮೈಕನ್ನು ಮೇಜಿನ ಮೇಲೆ ಇಟ್ಟರು. ಮಾರಲು ಬಂದದ್ದನ್ನೇ ಮರೆತು ಇಳಿದು ಬಂದು, ನನ್ನ ಬೆಂಚಿನ ತುದಿಯಲ್ಲಿ, ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತರು.